ಪೋರ್ಷೆ 914ಕ್ಕೆ ಕಾರ್ಬುರೇಟರ್ ಕೂರಿಸಿದ ಕಥೆ

(ಮೈಸೂರಿನಲ್ಲಿ ಹಳೆ ಗಾಡಿಗಳ ಹುಚ್ಚಿರುವ ಗೆಳೆಯರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಡಬ್ಬಿಯನ್ನು ಮುಂದಿನ ಸಾಲಿಗೆ ಕೊಡುತ್ತೇನೆ. ನೋಡಿ, ಪಕ್ಕದವರಿಗೆ ದಾಟಿಸಿ. ದಯವಿಟ್ಟು ಬೀಳಿಸಬೇಡಿ. ಬರುವಾಗ ವಿಮಾನ ನಿಲ್ದಾಣದಲ್ಲಿ ಇದರಿಂದಾಗಿ ನನ್ನನ್ನು ಪಕ್ಕಕ್ಕೆ ನಿಲ್ಲಿಸಿದ್ದರು. ತಪ್ಪು ಅವರದ್ದಲ್ಲ. ಮುಷ್ಟಿಗಿಂತ ಸ್ವಲ್ಪ ದೊಡ್ಡ ಲೋಹದ ಡಬ್ಬಿ, ಒಂದು ಕಡೆ ರಬ್ಬರ್ ಪೈಪು ಸಿಕ್ಕಿಸುವ ಮೂತಿ, ಇನ್ನೊಂದು ಕಡೆ ನಾಲ್ಕು ಪಿನ್ನು. ಯಾರಿಗಾದರೂ ಅನುಮಾನ ಬರುತ್ತದೆ. ಯಾವ ಕಾರಿನದು ಅಂತ ಕೇಳಿದರು. ಪೋರ್ಷೆ 914, 1973ರದು ಅಂದೆ. ಅವರಲ್ಲಿ ಒಬ್ಬರು ನಕ್ಕುಬಿಟ್ಟರು. "ನಮ್ಮ ಚಿಕ್ಕಪ್ಪನ ಹತ್ತಿರ ಒಂದಿತ್ತು, ಅದರ ಇಂಜೆಕ್ಷನ್ ಬಿಚ್ಚಿಸಿ ಕಾರ್ಬುರೇಟರ್ ಹಾಕಿಸಿದ್ದರು" ಅಂದರು. ಇಂಜಿನ್‌ಗೆ ಪೆಟ್ರೋಲ್ ಉಣಿಸುವ ಎರಡು ದಾರಿ ಇವು: ಇಂಜೆಕ್ಷನ್ ಅಂದರೆ ಲೆಕ್ಕ ಹಾಕಿ ಚಿಮ್ಮಿಸುವುದು, ಕಾರ್ಬುರೇಟರ್ ಅಂದರೆ ಗಾಳಿಯ ಎಳೆತಕ್ಕೆ ತಾನಾಗೇ ಬರುವಂತೆ ಮಾಡುವುದು. ಅಮೆರಿಕದಲ್ಲಿ 914 ಇಟ್ಟುಕೊಂಡವರನ್ನು ಕೇಳಿದರೆ ಹೆಚ್ಚುಕಡಿಮೆ ಇದೇ ಕಥೆ ಹೇಳುತ್ತಾರೆ. ನನ್ನದೂ ಇದೇ.

ಗಾಳಿಯಲ್ಲೇ ತಣ್ಣಗಾಗುವ ಇಂಜಿನ್ ಅಂದರೇನು ಅಂತ ಮೈಸೂರಿನವರಿಗೆ ನಾನು ಹೇಳಬೇಕಾಗಿಲ್ಲ. 1961ರಿಂದ 1996ರವರೆಗೆ ಯಾದವಗಿರಿಯಲ್ಲಿ ಜಾವಾ, ಯೆಜ್ಡಿ ಮಾಡಿದ ಊರು ಇದು. ರೇಡಿಯೇಟರ್ ಇಲ್ಲ, ನೀರಿಲ್ಲ. ಸಿಲಿಂಡರಿನ ರೆಕ್ಕೆಗಳ ಮೇಲೆ ಗಾಳಿ ಹಾಯ್ದರೆ ಆಯ್ತು. 914ದು ಕೂಡ ಹಾಗೇ. ಬೈಕಿನಂತೆ ಇಂಜಿನ್ ಹೊರಗೆ ಕಾಣುವುದಿಲ್ಲವಾದ್ದರಿಂದ ಒಂದು ಫ್ಯಾನ್ ಇಟ್ಟು ತಗಡಿನ ಹೊದಿಕೆಯೊಳಗೆ ಗಾಳಿ ತಳ್ಳುತ್ತಾರೆ. ನಾಲ್ಕು ಸಿಲಿಂಡರು, ಎಡಕ್ಕೆರಡು ಬಲಕ್ಕೆರಡು ಮಲಗಿಕೊಂಡಿರುತ್ತವೆ. ಇಂಜಿನ್ ಇರುವುದು ಸೀಟಿನ ಬೆನ್ನ ಹಿಂದೆಯೇ. ಹೆಸರು ಪೋರ್ಷೆ ಆದರೂ ಈ ಇಂಜಿನ್ ಫೋಕ್ಸ್‌ವ್ಯಾಗನ್‌ನ 411 ಕಾರಿನ ಮನೆತನದ್ದು. ಎರಡೂ ಕಂಪನಿ ಸೇರಿ 1969ರಲ್ಲಿ 914 ತಂದವು, 1976ರವರೆಗೆ ಮಾಡಿದವು. ನನ್ನದು ಎರಡು ಲೀಟರಿನದು. ಅದು ಬಂದದ್ದೇ 1973ರ ಮಾದರಿಯಲ್ಲಿ.

ನಾನು ಕ್ಯಾಲಿಫೋರ್ನಿಯಾದಲ್ಲಿ ಈ ಕಾರು ಕೊಂಡಾಗ ಅದಕ್ಕೆ ಮೂವತ್ತೈದು ವರ್ಷ ಆಗಿತ್ತು. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತಿತ್ತು. ಐದು ಮೈಲಿ ಹೋಗುವಷ್ಟರಲ್ಲಿ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಗುಡುಗುಡು. ಬಿಸಿಯಲ್ಲಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತಲೇ ಇರಲಿಲ್ಲ. ಕೆಲವು ದಿನ ಮಾತ್ರ ಏನೂ ತೊಂದರೆಯೇ ಇಲ್ಲ. ಈ "ಕೆಲವು ದಿನ" ಅನ್ನುವುದನ್ನು ನೆನಪಿಟ್ಟುಕೊಳ್ಳಿ. ನಾನು ಆಗ ನೆನಪಿಟ್ಟುಕೊಳ್ಳಲಿಲ್ಲ. ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಯಜಮಾನರು ಇಂಜಿನ್ ಮುಚ್ಚಳ ಎತ್ತಿ ನೋಡಿದರು, ಮುಟ್ಟಲೂ ಇಲ್ಲ. "ಇಷ್ಟು ಹಳೇ ಕಂಪ್ಯೂಟರನ್ನು ಯಾರು ನಂಬುತ್ತಾರೆ? ಎಲ್ಲ ಕಿತ್ತು ಎರಡು ವೆಬರ್ ಕಾರ್ಬುರೇಟರ್ ಹಾಕು" ಅಂದರು.

ಅವರು ಕಂಪ್ಯೂಟರ್ ಅಂದದ್ದು ಬಾಷ್ ಕಂಪನಿಯ ಡಿ-ಜೆಟ್ರಾನಿಕ್. ನಮ್ಮ ಕಡೆ ಬಾಷ್ ಅಂದರೆ ಆಡುಗೋಡಿಯ ಮೈಕೋ, ಅಲ್ವಾ? 2008ರಲ್ಲಿ ಮೈಕೋ ಹೆಸರು ಬಾಷ್ ಅಂತ ಬದಲಾಯಿತು. ಅದೇ ಬಾಷ್‌ನ ಜರ್ಮನಿಯವರು 1967ರಲ್ಲಿ ಈ ಇಂಜೆಕ್ಷನ್ ತಂದರು. ಅಮೆರಿಕಕ್ಕೆ ಹೋಗುವ ಫೋಕ್ಸ್‌ವ್ಯಾಗನ್ 1600ಕ್ಕೆ ಮೊದಲು ಹಾಕಿದರು. ಅಲ್ಲಿ ಹೊಗೆಯ ಕಾನೂನು ಬಿಗಿಯಾಗಿತ್ತು, ಗಾಳಿಯಲ್ಲಿ ತಣ್ಣಗಾಗುವ ಇಂಜಿನ್ ಅದರಲ್ಲಿ ಪಾಸಾಗಬೇಕಿತ್ತು. ಕಂಪ್ಯೂಟರ್ ಅಂದರೆ ಈಗಿನ ಚಿಪ್ಪು ಅಲ್ಲ. ಹಳೇ ರೇಡಿಯೋ ಬಿಚ್ಚಿದರೆ ಕಾಣುವಂಥ ಬಿಡಿ ಬಿಡಿ ಟ್ರಾನ್ಸಿಸ್ಟರು, ಕೆಪಾಸಿಟರು. ಪ್ರೋಗ್ರಾಂ ಅಂತ ಏನೂ ಇಲ್ಲ.

ಇದರ ಹಿಂದೆ ಒಂದು ತಮಾಷೆಯ ಇತಿಹಾಸ ಇದೆ. ಎಲೆಕ್ಟ್ರಾನಿಕ್ ಇಂಜೆಕ್ಷನ್‌ನ ಮೂಲ ಆಲೋಚನೆ ಅಮೆರಿಕದ ಬೆಂಡಿಕ್ಸ್ ಕಂಪನಿಯದು. 1958ರಲ್ಲಿ ಕ್ರೈಸ್ಲರ್ ತನ್ನ ಕೆಲವು ಕಾರುಗಳಿಗೆ ಅದನ್ನು ಹಾಕಿ ಮಾರಿತು. ಸುಮಾರು 35 ಕಾರು, ಅಷ್ಟೇ. ಅದು ಎಷ್ಟು ಕೈಕೊಟ್ಟಿತು ಅಂದರೆ, ಅವುಗಳಲ್ಲಿ ಹೆಚ್ಚಿನವಕ್ಕೆ ಆಮೇಲೆ ಕಾರ್ಬುರೇಟರ್ ಕೂರಿಸಬೇಕಾಯಿತು. ಅಂದರೆ ಇಂಜೆಕ್ಷನ್ ಕಿತ್ತು ಕಾರ್ಬುರೇಟರ್ ಹಾಕುವ ಸಂಪ್ರದಾಯ ಎಲೆಕ್ಟ್ರಾನಿಕ್ ಇಂಜೆಕ್ಷನ್‌ನಷ್ಟೇ ಹಳೆಯದು! ಬೆಂಡಿಕ್ಸ್‌ನ ಪೇಟೆಂಟುಗಳನ್ನೇ ಬಾಷ್‌ನವರು ತೆಗೆದುಕೊಂಡು, ಟ್ರಾನ್ಸಿಸ್ಟರ್ ಕಾಲಕ್ಕೆ ಒಗ್ಗಿಸಿದರು.

ಕೆಲಸ ಹೇಗೆ ಮಾಡುತ್ತದೆ ಅನ್ನುವುದಕ್ಕೆ ನಿಮ್ಮ ಕೈಯಲ್ಲಿರುವ ಡಬ್ಬಿಯೇ ಸಾಕು. ಡಿ ಅಂದರೆ ಜರ್ಮನ್‌ನಲ್ಲಿ ಡ್ರುಕ್, ಒತ್ತಡ. ಇಂಜಿನ್ ಗಾಳಿ ಎಳೆಯುವ ಕೊಳವೆಯಲ್ಲಿ ಒತ್ತಡ ಎಷ್ಟಿದೆ ಅಂತ ಈ ಡಬ್ಬಿ ನೋಡುತ್ತದೆ. ಒಳಗೆ ತೆಳು ತಗಡಿನ ಪೊಳ್ಳು ಬಿಲ್ಲೆಗಳಿವೆ. ಒತ್ತಡಕ್ಕೆ ತಕ್ಕಂತೆ ಅವು ಉಬ್ಬುತ್ತವೆ, ಕುಗ್ಗುತ್ತವೆ. ಅವುಗಳ ತುದಿಯ ಕಬ್ಬಿಣದ ತುಂಡು ಒಂದು ಸುರುಳಿಯೊಳಗೆ ಹಿಂದೆ ಮುಂದೆ ಆಡುತ್ತದೆ. ಅದರಿಂದ ಕಂಪ್ಯೂಟರಿಗೆ ಲೆಕ್ಕ ಸಿಗುತ್ತದೆ: ಪೆಟ್ರೋಲ್ ಎಷ್ಟು ಹೊತ್ತು ಚಿಮ್ಮಿಸಬೇಕು. ಯಾವಾಗ ಚಿಮ್ಮಿಸಬೇಕು ಅನ್ನುವುದನ್ನು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕೆಳಭಾಗದ ಒಂದು ಜೊತೆ ಪಾಯಿಂಟ್‌ಗಳು ಹೇಳುತ್ತವೆ. ಇಂಜಿನ್ ತಣ್ಣಗಿದೆಯೋ ಬಿಸಿಯಾಗಿದೆಯೋ ಅಂತ ಹೇಳಲು ಸಿಲಿಂಡರ್ ಹೆಡ್ಡಿಗೆ ತಿರುಪಿದ ಒಂದು ಸಣ್ಣ ಸೆನ್ಸರ್ ಇದೆ. ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ ಜಾಸ್ತಿ, ಬಿಸಿಯಾದಾಗ ಕಡಿಮೆ. ಜಾಸ್ತಿ ಕಂಡರೆ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತದೆ. ನಿಮ್ಮ ಚೋಕ್ ಇದ್ದ ಹಾಗೆ.

ಡಬ್ಬಿಯ ಬಿಲ್ಲೆ ಬಿರುಕು ಬಿಡುವುದು ಈ ವ್ಯವಸ್ಥೆಯ ಹೆಸರಾದ ಕಾಯಿಲೆ. ಪರೀಕ್ಷೆ ಬಹಳ ಸುಲಭ. ಮೂತಿಗೆ ಒಂದು ಚೊಕ್ಕ ಪೈಪು ಸಿಕ್ಕಿಸಿ ಬಾಯಲ್ಲಿ ಗಾಳಿ ಎಳೆದು ನಾಲಿಗೆ ಅಂಟಿಸಬೇಕು. ಪೈಪು ನಾಲಿಗೆಗೆ ಅಂಟಿಕೊಂಡೇ ನಿಂತರೆ ಡಬ್ಬಿ ಆರೋಗ್ಯವಾಗಿದೆ. ಉದುರಿದರೆ ಬಿರುಕು. ಈ ಸುಲಭದ ಪರೀಕ್ಷೆಯನ್ನು ಗ್ಯಾರೇಜಿನವರೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ನನ್ನ ತಲೆಯಲ್ಲಿ ಆಗಲೇ ವೆಬರ್ ಕೂತಿತ್ತು.

ಸತ್ಯ ಹೇಳಿಬಿಡುತ್ತೇನೆ. ನನಗೆ ಕಾರ್ಬುರೇಟರ್ ಬೇಕಿತ್ತು. ಚಿಕ್ಕವನಿದ್ದಾಗ ಅಪ್ಪನ ಚೇತಕ್ ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ, ಪೆಟ್ರೋಲ್ ಇಳಿಸಿ, ಕಿಕ್ ಹೊಡೆದು ಬೆಳೆದವನು. ಕಾರ್ಬುರೇಟರ್ ಅಂದರೆ ಅರ್ಥವಾಗುವ ವಸ್ತು. ಹಿಂದೆ ಸೊಳ್ಳೆಗೆ ಫ್ಲಿಟ್ ಹೊಡೆಯುವ ಪಂಪ್ ಇತ್ತಲ್ಲ, ಅದೇ ತತ್ವ. ಗಾಳಿ ಇಕ್ಕಟ್ಟಾದ ಜಾಗದಲ್ಲಿ ಜೋರಾಗಿ ನುಗ್ಗಿದರೆ ಅಲ್ಲಿ ಒತ್ತಡ ಇಳಿಯುತ್ತದೆ, ಪೆಟ್ರೋಲ್ ತಾನಾಗೇ ಮೇಲೆದ್ದು ಬರುತ್ತದೆ. ಕಪ್ಪು ಡಬ್ಬಿಗಿಂತ ಇದು ವಾಸಿ ಅನ್ನಿಸಿತ್ತು.

ಎರಡು ವೆಬರ್ 40 ಐಡಿಎಫ್ ತರಿಸಿದೆ. ಒಂದೊಂದರಲ್ಲೂ ಎರಡು ಗಂಟಲು, ಒಟ್ಟು ನಾಲ್ಕು ಸಿಲಿಂಡರಿಗೆ ನಾಲ್ಕು ಗಂಟಲು. ಒಬ್ಬ ಗೆಳೆಯನ ಜೊತೆ ನಾಲ್ಕು ವಾರಾಂತ್ಯ ಕೂತು ಕೆಲಸ ಮಾಡಿದೆ. ಹೊಸದನ್ನು ಕೂರಿಸುವುದು ಕಷ್ಟವಲ್ಲ. ಹಳೆಯದನ್ನು ತೆಗೆದ ಮೇಲೆ ಉಳಿಯುವ ತೂತುಗಳೇ ಕಷ್ಟ. ಇಂಜಿನ್ ಸುತ್ತಲಿನ ತಗಡಿನಲ್ಲಿ ಪೈಪು, ವೈರು ಹೋಗುತ್ತಿದ್ದ ತೂತುಗಳನ್ನು ಮುಚ್ಚದಿದ್ದರೆ ಕೆಳಗಿನ ಬಿಸಿ ಗಾಳಿ ಮೇಲೆ ಬಂದು ಫ್ಯಾನ್ ಅದನ್ನೇ ಮತ್ತೆ ಎಳೆಯುತ್ತದೆ. ನೀರಿನ ಇಂಜಿನ್ನಾದರೆ ಇದು ಸಣ್ಣ ವಿಷಯ. ಇಲ್ಲಿ ಹೆಡ್ಡೇ ಸುಟ್ಟುಹೋಗಬಹುದು. ಒಂದು ನಾಣ್ಯದಷ್ಟು ಅಗಲದ ತೂತನ್ನೂ ಬಿಡಬೇಡಿ.

ಆಮೇಲೆ ಪೆಟ್ರೋಲ್ ಪಂಪ್. ಇಲ್ಲಿ ಯಾರೂ ತಪ್ಪು ಮಾಡಬಾರದು. ಡಿ-ಜೆಟ್ರಾನಿಕ್‌ನ ಪಂಪ್ ಸುಮಾರು 2 ಬಾರ್ ಒತ್ತಡ ಕೊಡುತ್ತದೆ. ವೆಬರಿಗೆ ಬೇಕಾಗಿರುವುದು ಅದರ ಹತ್ತನೇ ಒಂದು ಭಾಗ. ಕಾರ್ಬುರೇಟರಿನ ಬಟ್ಟಲಿನಲ್ಲಿ ತೇಲುವ ಫ್ಲೋಟಿನ ಮೇಲೆ ಕೂತು ಪೆಟ್ರೋಲ್ ತಡೆಯುವ ಪುಟ್ಟ ನೀಡಲ್ ವಾಲ್ವ್ ಆ ಒತ್ತಡದ ಮುಂದೆ ನಿಲ್ಲುವುದಿಲ್ಲ. ಹಳೇ ಪಂಪನ್ನೇ ಬಿಟ್ಟರೆ ಪೆಟ್ರೋಲ್ ಉಕ್ಕಿ ಬಿಸಿ ಇಂಜಿನ್ ಮೇಲೆ ಸುರಿಯುತ್ತದೆ. ಮುಂದೇನಾಗುತ್ತದೆ ಅಂತ ಹೇಳಬೇಕಾಗಿಲ್ಲ. 914ರಲ್ಲಿ ಇನ್ನೊಂದು ಅಪಾಯ ಇದೆ. ಮುಂದಿನ ಟ್ಯಾಂಕಿನಿಂದ ಹಿಂದಿನ ಇಂಜಿನ್‌ಗೆ ಪೆಟ್ರೋಲ್ ಬರುವುದು ನಡುವಿನ ಸುರಂಗದೊಳಗಿನ ಪ್ಲಾಸ್ಟಿಕ್ ಪೈಪುಗಳಲ್ಲಿ. ವಯಸ್ಸಾದ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ. ಕಾರ್ಬುರೇಟರ್ ಇರಲಿ, ಇಂಜೆಕ್ಷನ್ ಇರಲಿ, ಅದನ್ನು ತೆಗೆದು ಸ್ಟೀಲ್ ಪೈಪು ಹಾಕುವುದು ಮೊದಲ ಕೆಲಸ. ಸೀಟಿನ ಪಕ್ಕ ಬೆಂಕಿ ಆರಿಸುವ ಸಿಲಿಂಡರ್ ಇಡುವುದು ಎರಡನೆಯದು.

ಈಗ ಜೆಟ್ಟುಗಳ, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗಗಳ ವಿಷಯ. ಜಾವಾದವರಿಗೆ ಇದು ಇಷ್ಟವಾಗುತ್ತದೆ. ಜೆಟ್ ಮೇಲಿನ ನಂಬರು ತೂತಿನ ಅಳತೆ, ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ. 115 ಅಂದರೆ 1.15 ಮಿಲಿಮೀಟರ್. ಗಂಟಲಿನ ಇಕ್ಕಟ್ಟಾದ ಜಾಗಕ್ಕೆ ವೆಂಚುರಿ ಅನ್ನುತ್ತಾರೆ. ನಾನು 28 ಮಿಲಿಮೀಟರ್ ವೆಂಚುರಿ ಹಾಕಿದ್ದೆ. ವೆಂಚುರಿಯನ್ನು ನಾಲ್ಕರಿಂದ ಗುಣಿಸಿದರೆ ಮೇನ್ ಜೆಟ್ ಹತ್ತಿರ ಹತ್ತಿರ ಬರುತ್ತದೆ ಅನ್ನುವುದು ಹಳಬರ ಲೆಕ್ಕ: 112, ಅಂದರೆ 115. ಅಲ್ಲಿಂದ ಶುರು ಮಾಡಿ ಪ್ಲಗ್ ಬಣ್ಣ ನೋಡಿಕೊಂಡು ಮೇಲೆ ಕೆಳಗೆ ಹೋಗಬೇಕು. ಮೇನ್ ಜೆಟ್ ಬಗ್ಗೆ ಎಲ್ಲರೂ ಗಂಟೆಗಟ್ಟಲೆ ಮಾತಾಡುತ್ತಾರೆ. ಆದರೆ ದಿನನಿತ್ಯ ಓಡಿಸುವಾಗ ಬಹುಪಾಲು ಹೊತ್ತು ಕೆಲಸ ಮಾಡುವುದು ಐಡ್ಲಿಂಗ್ ಜೆಟ್. ಐಡ್ಲಿಂಗ್‌ಗೆ ಮಾತ್ರ ಅಂತ ಹೆಸರು ಹೇಳಿದರೂ, ಆಕ್ಸಿಲರೇಟರನ್ನು ಹಗುರಾಗಿ ಒತ್ತಿಕೊಂಡು ಹೋಗುವಾಗ 2,500, 3,000 ಆರ್‌ಪಿಎಂವರೆಗೂ ಅದೇ ಊಟ ಹಾಕುತ್ತದೆ. ಅದರ ತೂತು ಅರ್ಧ ಮಿಲಿಮೀಟರ್. ಒಂದು ಕಣ ಕಸ ಸಿಕ್ಕಿಕೊಂಡರೆ ಒಂದು ಸಿಲಿಂಡರ್ ಉಪವಾಸ. ಇಂಜಿನ್ ಕಾರ್ಬುರೇಟರ್ ಮೂಲಕ "ಫಟ್" ಅಂತ ಕೆಮ್ಮುತ್ತದೆ. ನಾನು ಆರು ವರ್ಷದಲ್ಲಿ ಅದನ್ನು ಎಷ್ಟು ಸಲ ಬಿಚ್ಚಿ ಊದಿದ್ದೇನೋ ಲೆಕ್ಕವಿಲ್ಲ. ಊದಿ, ಪರವಾಗಿಲ್ಲ. ಸೂಜಿ ಮಾತ್ರ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ.

ಎರಡು ಕಾರ್ಬುರೇಟರ್ ಇದ್ದರೆ ಎರಡೂ ಒಂದೇ ಉಸಿರು ಎಳೆಯಬೇಕು. ಅದಕ್ಕೆ ಗಂಟಲ ಮೇಲೆ ಇಟ್ಟು ಗಾಳಿ ಅಳೆಯುವ ಮೀಟರ್ ಸಿಗುತ್ತದೆ. ಒಂದು ಗೇಣು ರಬ್ಬರ್ ಪೈಪನ್ನು ಕಿವಿಗೆ ಹಿಡಿದು ಸದ್ದು ಹೋಲಿಸುವವರೂ ಇದ್ದಾರೆ. ಇಂಜಿನ್ ಪೂರ್ತಿ ಬಿಸಿಯಾದ ಮೇಲೇ ಮಾಡಬೇಕು. ಯಾಕೆಂದರೆ ಈ ಇಂಜಿನ್ ಬಿಸಿಯಾದಾಗ ಮೈ ಹಿಗ್ಗಿಸುತ್ತದೆ. ಎಡ ಬಲದ ಕಾರ್ಬುರೇಟರುಗಳ ನಡುವಿನ ದೂರ ಜಾಸ್ತಿಯಾಗುತ್ತದೆ, ಎರಡನ್ನೂ ಒಟ್ಟಿಗೆ ತೆರೆಯುವ ಲಿಂಕೇಜ್ ಎಳೆದ ಹಾಗಾಗುತ್ತದೆ. ತಣ್ಣಗಿದ್ದಾಗ ಹೊಂದಿಸಿದ್ದು ಬಿಸಿಯಲ್ಲಿ ತಪ್ಪುತ್ತದೆ. ಟೈಮಿಂಗ್, ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು, ಅದನ್ನೂ ಮತ್ತೆ ನೋಡಬೇಕು. ಈ ಇಂಜಿನ್‌ಗೆ 3,500 ಆರ್‌ಪಿಎಂನಲ್ಲಿ 27 ಡಿಗ್ರಿ.

ಇಷ್ಟೆಲ್ಲ ಆದ ಮೇಲೆ ಕಾರು ಹೊರಟಿತು. ಆ ಸದ್ದು! ಬೆನ್ನ ಹಿಂದೆ ನಾಲ್ಕು ಗಂಟಲು ಗಾಳಿ ಹೀರುವ ಸದ್ದು ಕೇಳಿದರೆ ಖರ್ಚು ಮಾಡಿದ್ದೆಲ್ಲ ಮರೆತುಹೋಗುತ್ತದೆ. ಬಿಸಿಯಲ್ಲಿ ಸ್ಟಾರ್ಟ್ ಆಗದ ಕಾಯಿಲೆ ಹೋಯಿತು, ಕಪ್ಪು ಹೊಗೆ ಹೋಯಿತು. ನಾನು ಎಲ್ಲರಿಗೂ ಹೇಳುತ್ತಾ ಬಂದೆ: ಇಂಜೆಕ್ಷನ್ ದಂಡ, ಕಿತ್ತು ಬಿಸಾಕಿ.

ಆದರೆ ನಿಧಾನಕ್ಕೆ ಬೇರೆ ಲೆಕ್ಕಗಳು ಬಂದವು. ಲೀಟರಿಗೆ ಹನ್ನೆರಡು ಕಿಲೋಮೀಟರ್ ಕೊಡಬೇಕಾದ ಕಾರು ಒಂಬತ್ತು ಕೊಡುತ್ತಿತ್ತು. ಈ ವೆಬರಿನಲ್ಲಿ ನಾನು ಚೋಕ್ ಇಟ್ಟುಕೊಂಡಿರಲಿಲ್ಲ. ಚಳಿಗಾಲದ ಬೆಳಿಗ್ಗೆ ಐದು ನಿಮಿಷ ಪೆಡಲ್ ಮೇಲೆ ಕಾಲಿಟ್ಟು ಕೂರಬೇಕು. ಬೇಸಿಗೆಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಕೆಳಗಿನ ಶಾಖಕ್ಕೆ ಫ್ಲೋಟ್ ಬಟ್ಟಲಿನ ಪೆಟ್ರೋಲ್ ಕುದಿಯುತ್ತದೆ. ಹಿಂದೆ ಕಪ್ಪು ಹೊಗೆಯಿಂದ ನಿಲ್ಲುತ್ತಿದ್ದ ಕಾರು ಈಗ ಕುದಿತದಿಂದ ನಿಲ್ಲುತ್ತಿತ್ತು, ಅಷ್ಟೇ ವ್ಯತ್ಯಾಸ. ಕಾರ್ಬುರೇಟರ್ ಕೆಳಗೆ ಶಾಖ ತಡೆಯುವ ದಪ್ಪ ಬಿಲ್ಲೆ ಹಾಕಿದ ಮೇಲೆ ಸ್ವಲ್ಪ ಕಡಿಮೆಯಾಯಿತು.

ಒಂದು ಸಲ ಮನೆಯವರನ್ನು ಕೂರಿಸಿಕೊಂಡು ಯೋಸೆಮಿಟಿ ದಾಟಿ ಟಿಯೋಗ ಪಾಸ್ ಹತ್ತಿದೆ. ಅದು 3,000 ಮೀಟರಿಗಿಂತ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಚಾಮುಂಡಿ ಬೆಟ್ಟ ಇಟ್ಟರೂ ಸಾಲುವುದಿಲ್ಲ. ಅಷ್ಟು ಮೇಲೆ ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದಕ್ಕಿಂತ ಸುಮಾರು ಕಾಲು ಭಾಗ ಕಡಿಮೆ. ಜೆಟ್ಟಿಗೆ ಅದು ಗೊತ್ತಾಗಬೇಕಲ್ಲ! ಅದು ತನ್ನ ತೂತಿನಷ್ಟು ಪೆಟ್ರೋಲ್ ಬಿಡುತ್ತಲೇ ಇತ್ತು. ಮಿಶ್ರಣ ಗಟ್ಟಿಯಾಗಿ ಕಾರು ಉಬ್ಬಸದವರ ಥರ ಏದುಸಿರು ಬಿಟ್ಟಿತು. ಹಿಂದಿನಿಂದ ಒಂದು ದೊಡ್ಡ ಟೂರಿಸ್ಟ್ ವ್ಯಾನ್ ನಮ್ಮನ್ನು ಹಿಂದಿಕ್ಕಿ ಹೋಯಿತು. "ಆ ಹಳೇ ಡಬ್ಬಿಗೆ ಎತ್ತರ ಗೊತ್ತಾಗ್ತಿತ್ತು ಅಂತಿದ್ರಲ್ಲ?" ಅಂದಳು ಹೆಂಡತಿ. ಗೊತ್ತಾಗುತ್ತಿತ್ತು. ಅದರ ಕೆಲಸವೇ ಒತ್ತಡ ನೋಡುವುದು.

ಇನ್ನು ಶಕ್ತಿ. ಕಾರ್ಬುರೇಟರ್ ಹಾಕಿದರೆ ಪವರ್ ಜಾಸ್ತಿ ಅಂತ ವಾದ ಮಾಡುವವರು 914ರ 1.8 ಲೀಟರ್ ಇಂಜಿನ್ ತೋರಿಸುತ್ತಾರೆ. ಅಮೆರಿಕಕ್ಕೆ ಹೋದದ್ದರಲ್ಲಿ ಇಂಜೆಕ್ಷನ್, 76 ಅಶ್ವಶಕ್ತಿ. ಯುರೋಪಿನದ್ದರಲ್ಲಿ ಎರಡು ಕಾರ್ಬುರೇಟರ್, 85. ನೋಡಿದ್ರಾ ಅನ್ನುತ್ತಾರೆ. ಆದರೆ ಅಮೆರಿಕದ್ದರ ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣವನ್ನು ಎಷ್ಟು ಪಟ್ಟು ಅಮುಕುತ್ತದೆ ಅನ್ನುವುದು) 7.3, ಯುರೋಪಿನದು 8.6. ಅಶ್ವಶಕ್ತಿ ಅಳೆಯುವ ಕ್ರಮವೂ ಬೇರೆ. ವ್ಯತ್ಯಾಸ ಎಲ್ಲಿಂದ ಬಂತು ಅಂತ ನೀವೇ ಹೇಳಿ. ವಾಲ್ವ್ ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟ್ ಅದೇ, ವಾಲ್ವ್ ಅದೇ, ಪಿಸ್ಟನ್ ಅದೇ ಇಟ್ಟುಕೊಂಡು ಮೇಲೆ ವೆಬರ್ ಕೂರಿಸಿದರೆ ಸದ್ದು ಜಾಸ್ತಿಯಾಗುತ್ತದೆ. ಕಿವಿ ಅದನ್ನು ಶಕ್ತಿ ಅಂದುಕೊಳ್ಳುತ್ತದೆ. ಉಲ್ಟಾ ಕೂಡ ನಿಜ. ಇಂಜಿನ್‌ಗೆ ಜೋರು ಕ್ಯಾಮ್, ದೊಡ್ಡ ಪಿಸ್ಟನ್ ಹಾಕಿದ್ದರೆ ಈ ಹಳೇ ಇಂಜೆಕ್ಷನ್ ಒಗ್ಗುವುದಿಲ್ಲ. ಕಾರ್ಖಾನೆಯಲ್ಲಿ ಹೇಳಿಕೊಟ್ಟದ್ದು ಬಿಟ್ಟು ಅದಕ್ಕೆ ಬೇರೆ ಗೊತ್ತಿಲ್ಲ. ಕೊಳವೆಯ ಒತ್ತಡ ಹೊಯ್ದಾಡಿದರೆ ಈ ಡಬ್ಬಿಗೆ ತಲೆ ತಿರುಗುತ್ತದೆ. ಅಂಥ ಇಂಜಿನ್‌ಗೆ ಕಾರ್ಬುರೇಟರೇ ಸರಿ, ಇಲ್ಲವೇ ಈಗ ಸಿಗುವ ಲ್ಯಾಪ್‌ಟಾಪ್‌ನಿಂದ ಹೊಂದಿಸುವ ಇಂಜೆಕ್ಷನ್. ನನ್ನ ಇಂಜಿನ್ ಹಾಗಿರಲಿಲ್ಲ. ಕಾರ್ಖಾನೆಯಿಂದ ಬಂದ ಹಾಗೇ ಇತ್ತು.

ಆರು ವರ್ಷ ಆದ ಮೇಲೆ ಗ್ಯಾರೇಜು ಖಾಲಿ ಮಾಡುತ್ತಿದ್ದೆ. ಇಂಜೆಕ್ಷನ್ ಭಾಗಗಳ ರಟ್ಟಿನ ಪೆಟ್ಟಿಗೆ ಮಾರಿಬಿಡೋಣ ಅನ್ನಿಸಿತು. ಕೊಳ್ಳುವವರು ಕೇಳುತ್ತಾರೆ ಅಂತ ಒಂದೊಂದನ್ನೇ ಪರೀಕ್ಷೆ ಮಾಡಿದೆ. ಡಬ್ಬಿಗೆ ನಾಲಿಗೆ ಪರೀಕ್ಷೆ: ಅಂಟಿಕೊಂಡೇ ನಿಂತಿತು. ಹೆಡ್ ಸೆನ್ಸರಿಗೆ ಮೀಟರ್ ಹಿಡಿದೆ: ಎರಡು ಸಾವಿರ ಓಮ್ ಚಿಲ್ಲರೆ, ಸರಿಯಾಗೇ ಇದೆ. ಇಂಜೆಕ್ಟರುಗಳು ಸರಿ. ಕೊನೆಗೆ ಸುಮ್ನೆ ವೈರುಗಳ ಕಟ್ಟು ತೆಗೆದುಕೊಂಡೆ. ಹೆಡ್ ಸೆನ್ಸರಿಗೆ ಹೋಗುವ ವೈರಿಗೆ ಮೀಟರ್ ಹಿಡಿದು ಅಲ್ಲಾಡಿಸಿದೆ. ಮುಳ್ಳು ಬಿತ್ತು. ಇನ್ನೊಮ್ಮೆ ಅಲ್ಲಾಡಿಸಿದೆ. ಎದ್ದಿತು. ರಬ್ಬರ್ ಟೋಪಿಯ ಒಳಗೆ, ಹೊರಗೆ ಏನೂ ಕಾಣದ ಹಾಗೆ, ತಾಮ್ರದ ಎಳೆ ಮುರಿದಿತ್ತು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ವೈರು ಬಿಟ್ಟುಕೊಂಡಾಗ ಕಂಪ್ಯೂಟರಿಗೆ ಕಾಣುವುದು ಅಳತೆಗೆ ಸಿಗದಷ್ಟು ರೆಸಿಸ್ಟೆನ್ಸ್. ಅದರ ಭಾಷೆಯಲ್ಲಿ ಹಾಗಂದರೆ ಇಂಜಿನ್ ಹಿಮದಲ್ಲಿ ಹೂತಿದೆ ಅಂತ. ಪಾಪ, ಕೈತುಂಬ ಪೆಟ್ರೋಲ್ ಸುರಿಯುತ್ತಿತ್ತು. ಬೆಳಿಗ್ಗೆ ಇಂಜಿನ್ ನಿಜಕ್ಕೂ ತಣ್ಣಗಿರುವಾಗ ಅದು ನಡೆದುಹೋಗುತ್ತಿತ್ತು. ಬಿಸಿಯಾದ ಮೇಲೆ ಕಪ್ಪು ಹೊಗೆ. ಎಳೆಗಳು ತಾವಾಗೇ ತಾಗಿಕೊಂಡ ದಿನ ಏನೂ ತೊಂದರೆ ಇಲ್ಲ. ಆಗಲೇ ಹೇಳಿದೆನಲ್ಲ, "ಕೆಲವು ದಿನ" ಅಂತ.

ಪ್ರಶ್ನೆಗಳ ಹೊತ್ತಿನಲ್ಲಿ ಎರಡು ಮಾತು ಬಂದವು, ಅವನ್ನೂ ಇಲ್ಲಿ ಸೇರಿಸುತ್ತೇನೆ. ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು, "ಸಾರ್, ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಬದಲಾಯಿಸೋಕೆ ಕಾನೂನು ಬಿಡುತ್ತಾ?" ಅಂತ ಕೇಳಿದಳು. 1975 ಮತ್ತು ಅದಕ್ಕಿಂತ ಹಳೇ ಮಾದರಿಗಳಿಗೆ ಅಲ್ಲಿ ಹೊಗೆ ತಪಾಸಣೆ ಇಲ್ಲ, ಹಾಗಾಗಿ ನನ್ನನ್ನು ಯಾರೂ ಕೇಳಲಿಲ್ಲ. ಇದೇ ಕಾರು 1976ರದ್ದಾಗಿದ್ದರೆ ತಪಾಸಣೆಯವರು ಮುಚ್ಚಳ ಎತ್ತಿ ವೆಬರ್ ನೋಡಿದ ಕೂಡಲೇ ಫೇಲ್ ಮಾಡುತ್ತಿದ್ದರು.

ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ನಿಂತರು. ಜಾವಾ ರಿಪೇರಿಯಲ್ಲೇ ಜೀವನ ಕಳೆದವರಂತೆ. "ಈಗ ಕಾರ್ ಯಾವುದ್ರಲ್ಲಿ ಓಡ್ತಾ ಇದೆ, ಅದ್ನ ಹೇಳಿಲ್ವಲ್ಲ ಸ್ವಾಮಿ?" ಅಂದರು.

ಡಬ್ಬಿ ಆಗ ಅವರ ಕೈಯಲ್ಲೇ ಇತ್ತು. "ಯಜಮಾನರೇ, ಹೋಗುವಾಗ ಅದನ್ನು ಮರೆಯದೆ ನನಗೆ ಕೊಡಿ" ಅಂದೆ. "ಇಂಜಿನ್‌ನಿಂದ ಬಿಚ್ಚಿಕೊಂಡು ಬಂದಿದ್ದೀನಿ. ಅದಿಲ್ಲದೆ ವಾಪಸ್ ಹೋದರೆ ನನ್ನ ಕಾರು ಸ್ಟಾರ್ಟ್ ಆಗಲ್ಲ."